ಕಾನ್‌ಸ್ಟಾನ್ಸಿನ ದೊಡ್ಡ ಪಂಚಾಯಿತಿ

ಜ್ಯೂರಿಕ್‌ನಿಂದ ಹೊರಟ ರೈಲು ಒಂದೂಕಾಲು ಗಂಟೆಯಲ್ಲಿ ಜರ್ಮನಿಯ ಕಾನ್‌ಸ್ಟಾನ್ಸ್ ಮುಟ್ಟುತ್ತದೆ. ಗಡಿ ದಾಟಿದ್ದು ಗೊತ್ತೇ ಆಗುವುದಿಲ್ಲ. ಕ್ರೊಯ್ಟ್ಸ್‌ಲಿಂಗನ್ ಎಂಬ ಸ್ವಿಸ್ ಊರು ಎಲ್ಲಿ ಮುಗಿಯಿತು, ಜರ್ಮನಿ ಎಲ್ಲಿ ಶುರುವಾಯಿತು ಎಂದು ಕಿಟಕಿಯಲ್ಲಿ ಕಣ್ಣಿಟ್ಟು ಕೂತವರಿಗೂ ಹೇಳಲಾಗದು. ಬೋಡನ್‌ಸೇ ಸರೋವರದ ದಂಡೆಗೆ ಜನ ಬರುವುದು ಹೆಚ್ಚಾಗಿ ದೋಣಿ, ಸೈಕಲ್, ಹೂತೋಟಗಳಿಗಾಗಿ. ನನ್ನನ್ನು ಎಳೆತಂದದ್ದು 1414ರಿಂದ 1418ರವರೆಗೆ ಇಲ್ಲಿ ನಡೆದ ಕ್ರೈಸ್ತ ಮಹಾಸಭೆ.

ಒಂದೇ ಪೀಠಕ್ಕೆ ಇಬ್ಬರು ಸ್ವಾಮಿಗಳು ಹಕ್ಕು ಹೂಡಿ, ಭಕ್ತರು ಎರಡು ಪಾಳಯವಾಗಿ, ವ್ಯಾಜ್ಯ ತಲೆಮಾರಿನವರೆಗೆ ಎಳೆಯುವುದನ್ನು ನಾವು ನಮ್ಮಲ್ಲೂ ಕಂಡಿದ್ದೇವೆ. ಯುರೋಪಿನಲ್ಲಿ 1378ರಲ್ಲಿ ಆದದ್ದೂ ಅದೇ. ರೋಮಿನಲ್ಲಿ ಒಬ್ಬ ಪೋಪ್, ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಇನ್ನೊಬ್ಬ. ರಾಜಿ ಮಾಡಿಸಲೆಂದು 1409ರಲ್ಲಿ ಇಟಲಿಯ ಪೀಸಾದಲ್ಲಿ ಸೇರಿದ ಸಭೆ ಇಬ್ಬರನ್ನೂ ಕಿತ್ತುಹಾಕಿ ಹೊಸಬನನ್ನು ಆರಿಸಿತು. ಹಳಬರು ಜಾಗ ಬಿಡಲಿಲ್ಲ, ಪೋಪರ ಸಂಖ್ಯೆ ಮೂರಕ್ಕೇರಿತು. ಈ ಗೋಜಲನ್ನು ಬಿಡಿಸಲು ಜರ್ಮನ್ ದೊರೆ ಸಿಗಿಸ್ಮಂಡನು ಪೀಸಾ ಪಂಗಡದ ಪೋಪ್ 23ನೆಯ ಜಾನ್‌ನ ಕೈಹಿಡಿದು ಒತ್ತಾಯಿಸಿ ಕರೆಸಿದ ಸಭೆಯೇ ಕಾನ್‌ಸ್ಟಾನ್ಸಿನದು.

ನಿಲ್ದಾಣದಿಂದ ಹೊರಬಿದ್ದರೆ ಎದುರಿಗೇ ಬಂದರು. ಅದರ ತುದಿಯಲ್ಲಿ 9 ಮೀಟರ್ ಎತ್ತರದ, 18 ಟನ್ ತೂಕದ ಹೆಣ್ಣೊಬ್ಬಳು ನಿಧಾನವಾಗಿ ಸುತ್ತು ತಿರುಗುತ್ತಿದ್ದಾಳೆ. ಹೆಸರು ಇಂಪೀರಿಯಾ, ಶಿಲ್ಪಿ ಪೀಟರ್ ಲೆಂಕ್ 1993ರಲ್ಲಿ ನಿಲ್ಲಿಸಿದ್ದು. ಎದೆ ಅರೆತೆರೆದ ವೇಶ್ಯೆಯ ಒಂದೊಂದು ಅಂಗೈಯಲ್ಲಿ ಒಬ್ಬೊಬ್ಬ ಬೆತ್ತಲೆ ಕುಳ್ಳ. ಒಬ್ಬನ ತಲೆಯ ಮೇಲೆ ರಾಜಕಿರೀಟ, ಇನ್ನೊಬ್ಬನ ತಲೆಯ ಮೇಲೆ ಪೋಪನ ಮುಕುಟ. ಆಗ ಊರಿನಲ್ಲಿ ದೊಡ್ಡ ಗದ್ದಲವಾಯಿತಂತೆ. ಈಗ ಅಂಚೆಕಾರ್ಡಿನಿಂದ ಚಾಕಲೇಟ್ ಡಬ್ಬದವರೆಗೆ ಎಲ್ಲೆಲ್ಲೂ ಅವಳೇ. ಊರಿನ ಅತ್ಯಂತ ಗಂಭೀರ ಘಟನೆಗೆ ಊರು ಇಟ್ಟುಕೊಂಡಿರುವ ಅತಿ ದೊಡ್ಡ ಸ್ಮಾರಕ ಇದು ಎಂಬುದು ನನಗೆ ಬಹಳ ಹಿಡಿಸಿತು.

ಅವಳ ಕಣ್ಣಳತೆಯಲ್ಲೇ ಕಡಿದಾದ ಹೆಂಚಿನ ಮಾಡಿನ, ದಪ್ಪ ಗೋಡೆಯ ಕಟ್ಟಡವೊಂದಿದೆ. ಎಲ್ಲರೂ ಅದನ್ನು ಮಹಾಸಭೆಯ ಭವನವೆಂದೇ ಕರೆಯುತ್ತಾರೆ. ಅಸಲಿಗೆ ಅದು 1388ರಲ್ಲಿ ಇಟಲಿಯ ವ್ಯಾಪಾರಕ್ಕೆಂದು ಕಟ್ಟಿದ ಸರಕಿನ ಮಳಿಗೆ. ಸಭೆ ಅಲ್ಲಿ ಕೂಡಲೇ ಇಲ್ಲ, ಅಧಿವೇಶನಗಳೆಲ್ಲ ಪ್ರಧಾನ ಚರ್ಚಿನಲ್ಲಿ ನಡೆದವು. ಮಳಿಗೆಯಲ್ಲಿ ನಡೆದದ್ದು 1417ರ ನವೆಂಬರಿನ ಪೋಪ್ ಚುನಾವಣೆ ಮಾತ್ರ. 23 ಕಾರ್ಡಿನಲ್‌ಗಳು, ಸಭೆಯವರು ನಾಡುವಾರು ಮಾಡಿಕೊಂಡ ಗುಂಪುಗಳಾದ ಐದು 'ರಾಷ್ಟ್ರ'ಗಳಿಂದ ತಲಾ ಆರರಂತೆ 30 ಪ್ರತಿನಿಧಿಗಳು, ಒಟ್ಟು 53 ಜನರನ್ನು ಒಳಗೆ ಕೂಡಿಹಾಕಿದರು. ನವೆಂಬರ್ 11ರಂದು ಒದ್ದೋನೆ ಕೊಲೊನ್ನಾ ಎಂಬವನು ಆಯ್ಕೆಯಾದ. ಅಂದು ಸಂತ ಮಾರ್ಟಿನನ ದಿನವಾದ್ದರಿಂದ 5ನೆಯ ಮಾರ್ಟಿನ್ ಎಂಬ ಹೆಸರಿಟ್ಟುಕೊಂಡ. ಈಗ ಕೆಳಗೆ ಹೋಟೆಲು, ಮೇಲೆ ಸಮಾರಂಭಗಳಿಗೆ ಸಿಗುವ ಸಭಾಂಗಣ. ಮೀನು ತಿನ್ನದ ನನಗೆ ಸಿಕ್ಕಿದ್ದು ಗಿಣ್ಣು ಕರಗಿಸಿದ ಹಿಟ್ಟಿನ ಶಾವಿಗೆ. ಉಪ್ಪು ಸ್ವಲ್ಪ ಜಾಸ್ತಿ.

ಸಭೆಯ ದಿನಗಳ ಊರನ್ನು ನೋಡಬೇಕಾದರೆ ರೋಸ್‌ಗಾರ್ಟನ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಉಲ್ರಿಚ್ ರಿಚೆಂಟಾಲ್ ಎಂಬ ಊರಿನ ಗೃಹಸ್ಥ ತಾನು ಕಂಡದ್ದನ್ನು ಬರೆದಿಟ್ಟ. ಅದರ ಸಚಿತ್ರ ಹಸ್ತಪ್ರತಿಯೊಂದು ಇಲ್ಲಿಯದೇ ಸ್ವತ್ತು. ಅದರ ಚಿತ್ರಗಳಲ್ಲಿ ಗಾಡಿಯ ಮೇಲೆ ಒಲೆ ಹೂಡಿಕೊಂಡು ಬಿಸಿಬಿಸಿ ರೊಟ್ಟಿ ಮಾರುವವರಿದ್ದಾರೆ. ಸಂತೆಯಲ್ಲಿ ಕಪ್ಪೆ, ಬಸವನಹುಳುಗಳೂ ಬಿಕರಿಗಿವೆ. ಏಳೆಂಟು ಸಾವಿರ ಜನರ ಊರಿಗೆ ಹತ್ತಾರು ಸಾವಿರ ಅತಿಥಿಗಳು ನುಗ್ಗಿದ್ದರು. ಬಂದ ವೇಶ್ಯೆಯರನ್ನೂ ರಿಚೆಂಟಾಲ್ ಬಿಡದೆ ಎಣಿಸಿದ. ಅವನ ಲೆಕ್ಕ 700. ಇನ್ನೊಂದು ಚಿತ್ರದಲ್ಲಿ ಆಳುಗಳು ಸಲಿಕೆಯಲ್ಲಿ ಬೂದಿಯನ್ನು ಗಾಡಿಗೆ ತುಂಬುತ್ತಿದ್ದಾರೆ. ಆ ಬೂದಿ ಯಾನ್ ಹುಸ್‌ನದು.

ಪ್ರಾಗ್‌ನ ಪಾದ್ರಿ, ವಿಶ್ವವಿದ್ಯಾಲಯದ ಅಧ್ಯಾಪಕ ಹುಸ್ ತಾಯ್ನುಡಿ ಚೆಕ್‌ನಲ್ಲಿ ಉಪದೇಶ ಮಾಡುತ್ತಿದ್ದ. 1412ರಲ್ಲಿ ಇದೇ 23ನೆಯ ಜಾನ್ ತನ್ನ ಯುದ್ಧದ ಖರ್ಚಿಗಾಗಿ ಪಾಪದಂಡನೆಯ ಮಾಫಿಪತ್ರಗಳನ್ನು ಪ್ರಾಗ್‌ನಲ್ಲಿ ಮಾರಿಸಿದಾಗ ಹುಸ್ ಎದುರು ನಿಂತ. ಎರಡು ವರ್ಷದ ಬಳಿಕ ಇಬ್ಬರೂ ವಾರದ ಅಂತರದಲ್ಲಿ ಕಾನ್‌ಸ್ಟಾನ್ಸಿಗೆ ಬಂದಿಳಿದರು. ಜಾನ್ ಬಂದದ್ದು ಅಕ್ಟೋಬರ್ 28ಕ್ಕೆ. ಆಲ್ಪ್ಸ್ ಇಳಿಯುವಾಗ ಅವನ ಗಾಡಿ ಹಿಮದಲ್ಲಿ ಮಗುಚಿತ್ತು. ದೂರದಿಂದ ಊರನ್ನು ಕಂಡು 'ನರಿಗಳನ್ನು ಹಿಡಿಯುವ ಬೋನು ಇದೇ ಇರಬೇಕು' ಎಂದನೆಂದು ರಿಚೆಂಟಾಲ್ ಬರೆದಿದ್ದಾನೆ. ಹುಸ್ ನವೆಂಬರ್ 3ಕ್ಕೆ ಬಂದ. ಸಿಗಿಸ್ಮಂಡನ ಅಭಯಪತ್ರದ ಭರವಸೆ ಅವನಿಗಿತ್ತು. ಆದರೂ ತಿಂಗಳು ತುಂಬುವ ಮೊದಲೇ ಬಂಧಿಸಿದರು.

ಕೆಲವು ದಿನಗಳ ಬಳಿಕ ಹುಸ್‌ನನ್ನು ಕೂಡಿಟ್ಟದ್ದು ದಡಕ್ಕೆ ತಾಗಿದ ಪುಟ್ಟ ದ್ವೀಪದ ಡೊಮಿನಿಕನ್ ಮಠದಲ್ಲಿ, ಕಕ್ಕಸಿನ ಪಕ್ಕದ ಕತ್ತಲೆ ಕೋಣೆಯಲ್ಲಿ. ಆ ಮಠ ಇಂದು ದುಬಾರಿ ಹೋಟೆಲು. ಅದರ ಹಳೆಯ ಪಡಸಾಲೆಯಲ್ಲಿ ಹಾಯ್ದುಹೋಗುವಾಗ ಚಕ್ರದ ಪೆಟ್ಟಿಗೆ ಎಳೆಯುವ ಅತಿಥಿಗಳಿಗೆ ದಾರಿ ಬಿಡಬೇಕಾಯಿತು. ಮೂವರೂ ಪೋಪರು ಇಳಿಯಬೇಕೆಂಬ ಒತ್ತಾಯ ಬಲವಾದಾಗ 1415ರ ಮಾರ್ಚ್ 20ರಂದು ಜಾನ್ ವೇಷ ಮರೆಸಿಕೊಂಡು ಊರು ಬಿಟ್ಟು ಓಡಿದ. ಅವನ ಕಾವಲಿನವರು ಹುಸ್‌ನ ಕೋಣೆಯ ಕೀಲಿಕೈಯನ್ನು ಸಿಗಿಸ್ಮಂಡನಿಗೆ ಒಪ್ಪಿಸಿದರು. ತಾನೇ ಕೊಟ್ಟ ಅಭಯಕ್ಕೆ ಬೆಲೆ ಕೊಡಲು ಅವನಿಗೆ ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವಂತಿರಲಿಲ್ಲ. ಅವನು ಕೈದಿಯನ್ನು ಊರಿನ ಬಿಷಪ್ಪನ ವಶಕ್ಕೆ ಕೊಟ್ಟು ಕೈತೊಳೆದುಕೊಂಡ.

ಪೋಪನೇ ಓಡಿಹೋದ ಮೇಲೆ ಸಭೆಗೆ ಅಧಿಕಾರ ಎಲ್ಲಿಯದು? ಏಪ್ರಿಲ್ 6ರಂದು ಪ್ರಧಾನ ಚರ್ಚಿನಲ್ಲಿ ಅದಕ್ಕೆ ಉತ್ತರ ಬಂತು: ಸಭೆಯ ಅಧಿಕಾರ ನೇರ ಕ್ರಿಸ್ತನಿಂದ ಬಂದದ್ದು, ಪೋಪನೂ ಅದಕ್ಕೆ ತಲೆಬಾಗಬೇಕು. ಇಷ್ಟು ದಿಟ್ಟ ನಿರ್ಣಯ ಮಾಡಿದ ಅದೇ ಚರ್ಚಿನ ಅದೇ ನಡುಮನೆಯಲ್ಲಿ ಮೂರು ತಿಂಗಳಿಗೆ, ಜುಲೈ 6ರಂದು, ಹುಸ್‌ನ ಪಾದ್ರಿಯ ಉಡುಪನ್ನು ಒಂದೊಂದಾಗಿ ಕಳಚಿ, ಪಿಶಾಚಿಗಳ ಚಿತ್ರವಿದ್ದ ಕಾಗದದ ಟೋಪಿ ತೊಡಿಸಿ, ಧರ್ಮದ್ರೋಹಿಯೆಂದು ಸುಡಲು ಕಳಿಸಿದರು. ಪೋಪನ ಮಾತನ್ನು ಪ್ರಶ್ನಿಸಬಹುದು ಎಂದವರಿಗೆ ತಮ್ಮ ಮಾತನ್ನು ಪ್ರಶ್ನಿಸಿದವನನ್ನು ಸಹಿಸಲಾಗಲಿಲ್ಲ. ಅವನು ನಿಂತಿದ್ದ ಹಾಸುಗಲ್ಲು ಉಳಿದ ನೆಲವೆಲ್ಲ ತೇವಗೊಂಡಾಗಲೂ ಬೆಳ್ಳಗೆ ಒಣಗಿಯೇ ಇರುತ್ತದೆ ಎಂದು ಹಳೆಯ ಪ್ರವಾಸ ಕೈಪಿಡಿಗಳು ಹೇಳುತ್ತವೆ. ನಾನು ಹೋದದ್ದು ಬಿಸಿಲ ದಿನ, ನೆಲವೆಲ್ಲ ಒಣಗಿಯೇ ಇತ್ತು.

ಹಳೆಯ ಊರಿನ ಪಶ್ಚಿಮಕ್ಕೆ ಪಾರಡೀಸ್ ಎಂಬ ಬಡಾವಣೆ. ಸುಟ್ಟದ್ದು ಇಲ್ಲಿ ಎನ್ನುವ ಕಡೆ, ಮನೆಗಳ ನಡುವೆ, 1862ರಲ್ಲಿ ಒಂದು ದೊಡ್ಡ ಬಂಡೆ ಇಟ್ಟಿದ್ದಾರೆ. ಒಂದು ಬದಿಗೆ ಹುಸ್‌ನ ಹೆಸರು, ಇನ್ನೊಂದು ಬದಿಗೆ ಮರುವರ್ಷ ಸುಟ್ಟ ಅವನ ಗೆಳೆಯ ಪ್ರಾಗ್‌ನ ಜೆರೋಮ್‌ನದು. ಬುಡದಲ್ಲಿ ಚೆಕ್ ಧ್ವಜದ ಬಣ್ಣದ ಪಟ್ಟಿ ಕಟ್ಟಿದ ಹೂಗುಚ್ಛ ಬಾಡಿತ್ತು. ಚೆಕ್ ದೇಶದಲ್ಲಿ ಜುಲೈ 6 ಸರಕಾರಿ ರಜೆ.

ಅಲ್ಲಿಂದ ರೈನ್ ದಂಡೆಗುಂಟ, ಬಿಷಪ್ಪನ ಕೋಟೆಯಿದ್ದ ಸ್ವಿಸ್ ಊರು ಗಾಟ್‌ಲೀಬನ್‌ಗೆ ನಡೆದೆ. ದಾರಿಯುದ್ದಕ್ಕೂ ತರಕಾರಿ ಹೊಲಗಳು. ನೆಲ ಸ್ವಿಟ್ಜರ್ಲೆಂಡಿನದು, ಒಡೆತನ ಬಹುಪಾಲು ಜರ್ಮನಿಯ ಕಾನ್‌ಸ್ಟಾನ್ಸ್ ಊರಿನದು! ಹಾಗೆ ಯೋಚಿಸುತ್ತ ನಡೆದವನಿಗೆ ಸಭೆಯ ಮೂರು ಕಾರ್ಯಸೂಚಿಗಳು ನೆನಪಾದವು: ಒಡಕು, ನಂಬಿಕೆ, ಸುಧಾರಣೆ. ಒಡಕು ಮುಗಿಯಿತು. ನಂಬಿಕೆಯ ಪ್ರಶ್ನೆಯನ್ನು ಬೆಂಕಿಗೆ ವಹಿಸಿದರು. ಸುಧಾರಣೆಯಲ್ಲಿ ಕೆಲವು ಚಿಲ್ಲರೆ ನಿಯಮಗಳಾಗಿ, ಉಳಿದದ್ದು ಮುಂದಿನ ಸಭೆಗಳಿಗೆ ಹೋಯಿತು. ಅಂಥ ಸಭೆಯೊಂದು 1431ರಲ್ಲಿ ಬಾಸೆಲ್‌ನಲ್ಲಿ ಸೇರಿತು. ಮಂಗಳೂರಿಗೆ ಮಿಷನರಿಗಳನ್ನೂ ಮುದ್ರಣಾಲಯವನ್ನೂ ಕಳಿಸಿದ ಬಾಸೆಲ್ ಅದೇ. ಅದು ನಾಲ್ಕು ಶತಮಾನಗಳ ಮುಂದಿನ, ಸುಧಾರಿತ ಪಂಥದವರ ಕಾಲದ ಮಾತು.

ಗಾಟ್‌ಲೀಬನ್ ಕೋಟೆ ಖಾಸಗಿ ಸ್ವತ್ತು, ಹೊರಗಿನಿಂದಲೇ ನೋಡಬೇಕು. ಎರಡು ಗೋಪುರಗಳು, ಮರಗಳು, ಬೀಗ ಹಾಕಿದ ಗೇಟು. ಮಾರ್ಚ್‌ನಿಂದ ಜೂನ್‌ವರೆಗೆ ಹುಸ್ ಇಲ್ಲಿ ಸಂಕೋಲೆಯಲ್ಲಿದ್ದ. ಅವನನ್ನು ವಿಚಾರಣೆಗೆ ಊರಿಗೆ ಸಾಗಿಸುವ ಹೊತ್ತಿಗೆ, ಸಿಕ್ಕಿಬಿದ್ದು ಮೇ 29ರಂದು ಪದಚ್ಯುತನಾದ 23ನೆಯ ಜಾನ್‌ನನ್ನು ಇದೇ ಕೋಟೆಗೆ ತಂದರು. ಜಾನ್ ಕೆಲವು ವರ್ಷ ಸೆರೆಯಲ್ಲಿದ್ದು ಹೊರಬಂದ, 5ನೆಯ ಮಾರ್ಟಿನ್‌ನ ಕಾಲಿಗೆ ಬಿದ್ದ, ಮತ್ತೆ ಕಾರ್ಡಿನಲ್ ಆದ. 1419ರಲ್ಲಿ ತೀರಿಕೊಂಡಾಗ ಫ್ಲಾರೆನ್ಸಿನ ಜ್ಞಾನಸ್ನಾನ ಮಂದಿರದಲ್ಲಿ ಅವನಿಗೆ ಗೋರಿಯೊಂದು ಸಿಕ್ಕಿತು. ಅದನ್ನು ಕೆತ್ತಿದವರಲ್ಲಿ ಒಬ್ಬ ದೊನಾತೆಲ್ಲೊ.