ಓದಿದ್ದಾ, ಬರೀ ಕೇಳಿದ್ದಾ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ಇದನ್ನೇ ಕಳಿಸುತ್ತೇನೆ.

ವಿಷಯ ಇಷ್ಟೇ. ನಾನು ಆಡಿಯೊ ಪುಸ್ತಕ ಕೇಳುತ್ತೇನೆ. ಕತೆ, ಕಾದಂಬರಿ ಅಲ್ಲ. ವಿಜ್ಞಾನ, ಯಂತ್ರಗಳು, ಅವು ಜನರ ಬದುಕನ್ನು ಬದಲಾಯಿಸಿದ ಬಗೆ, ಇಂಥ ಪುಸ್ತಕಗಳು. ದಿನಾ ಕೆಂಗೇರಿಯಲ್ಲಿ ಮೆಟ್ರೊ ಹತ್ತಿ ವೈಟ್‌ಫೀಲ್ಡ್‌ನಲ್ಲಿ ಇಳಿಯುತ್ತೇನೆ. ಹೋಗೋಕೆ ಒಂದು ಗಂಟೆಗೂ ಜಾಸ್ತಿ, ಬರೋಕೂ ಅಷ್ಟೇ. ಮೆಜೆಸ್ಟಿಕ್ ಬಂತು ಅಂದರೆ ನಿಲ್ಲೋಕೇ ಜಾಗ ಇರುವುದಿಲ್ಲ, ಪುಸ್ತಕ ಬಿಡಿಸುವ ಮಾತೆಲ್ಲಿ? ಕಣ್ಣಿಗೆ, ಕೈಗೆ ಬಿಡುವಿಲ್ಲ. ಕಿವಿಗಿದೆ. ಅದಕ್ಕೆ ಕೇಳುತ್ತೇನೆ.

ಹೋದ ವರ್ಷ ಒಂದು ಗೃಹಪ್ರವೇಶದ ಊಟಕ್ಕೆ ಕೂತಿದ್ದೆವು. ಎದುರಿಗಿದ್ದ ಹುಡುಗಿಗೆ ವಿಜ್ಞಾನಿ ಮೈಕೆಲ್ ಫ್ಯಾರಡೆಯ ಕತೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ದೊಡ್ಡಪ್ಪ ಅರ್ಧಕ್ಕೇ ತಡೆದರು. "ಪುಸ್ತಕ ಓದಿದ್ಯೇನಮ್ಮಾ, ಬರೀ ಕೇಳಿದ್ದಾ?" ಕೇಳಿದ್ದು ಅಂದೆ. "ಹಾಗನ್ನು ಮತ್ತೆ" ಅಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಹುಡುಗಿಯೂ ಎಲೆ ಕಡೆ ನೋಡಿದಳು. ಕತೆ ಅಲ್ಲಿಗೇ ನಿಂತಿತು.

ನನಗೆ ನೋವಾಗಿದ್ದು ಆ 'ಬರೀ' ಅನ್ನುವ ಮಾತಿಗೆ. ಕೇಳುವುದು ಅಂದರೆ ಓದಲಾರದವರು ಮಾಡುವ ಕೆಲಸ, ಸೋಮಾರಿಗಳ ಅಡ್ಡದಾರಿ ಅನ್ನುವ ಹಾಗೆ. ತುಂಬಾ ತಿಳಿದವರನ್ನು ನಾವೇ ಬಹುಶ್ರುತರು ಅಂತ ಕರೆಯುತ್ತೇವೆ ಅಲ್ವಾ? ಬಹುಶ್ರುತ ಅಂದರೆ ಬಹಳ ಕೇಳಿಸಿಕೊಂಡವನು. ಆ ಪದ ಹುಟ್ಟಿದಾಗ ಯಾರೂ ಅದರ ಹಿಂದೆ 'ಬರೀ' ಸೇರಿಸಿರಲಿಲ್ಲ.

ಆಧಾರ ಬೇಕು ಅನ್ನುವವರಿಗೆ ಇಷ್ಟು ಹೇಳುತ್ತೇನೆ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಒಂದು ಗುಂಪು ಪುಸ್ತಕದ ಒಂದು ಭಾಗವನ್ನು ಕೇಳಿತು, ಇನ್ನೊಂದು ಅದನ್ನೇ ಪರದೆ ಮೇಲೆ ಓದಿತು, ಮೂರನೆಯದು ಎರಡನ್ನೂ ಒಟ್ಟಿಗೆ ಮಾಡಿತು. ಮುಗಿದ ಕೂಡಲೇ ಒಂದು ಪರೀಕ್ಷೆ, ಎರಡು ವಾರ ಬಿಟ್ಟು ಮತ್ತೊಂದು. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನನಗೆ ಇಷ್ಟವಾಗದ ಇನ್ನೊಂದು ಅಧ್ಯಯನವೂ ಇದೆ, 2010ರದ್ದು. ಪಾಠವನ್ನು ಪಾಡ್‌ಕಾಸ್ಟ್‌ನಲ್ಲಿ ಕೇಳಿದ ವಿದ್ಯಾರ್ಥಿಗಳು ಓದಿದವರಿಗಿಂತ ಕಡಿಮೆ ಅಂಕ ತೆಗೆದರು. ಅದನ್ನೂ ನಂಬುತ್ತೇನೆ. ಲೆಕ್ಕ, ಕೋಷ್ಟಕ, ನಕ್ಷೆ ಬಂದಾಗ ಕಿವಿ ಸೋಲುತ್ತದೆ. ಗಮನ ಆ ಕಡೆ ಈ ಕಡೆ ಹೋದರೂ ಓದುವವನ ದನಿ ನಮಗಾಗಿ ಕಾಯುವುದಿಲ್ಲ. ಅದಕ್ಕೇ ನಾನು ವೇಗ ಜಾಸ್ತಿ ಮಾಡಿಕೊಂಡು ಕೇಳುವುದಿಲ್ಲ. ಅರ್ಥವಾಗದಿದ್ದರೆ ಮೂವತ್ತು ಸೆಕೆಂಡ್ ಹಿಂದಕ್ಕೆ ಹೋಗುತ್ತೇನೆ. ಕೆಲವು ಸಲ ಒಂದೇ ಜಾಗಕ್ಕೆ ನಾಲ್ಕು ಸಲ.

ಈಗ ಆ ಊಟದ ಸಾಲಿನಲ್ಲಿ ನಿಂತುಹೋದ ಕತೆಯನ್ನು ಮುಗಿಸುತ್ತೇನೆ. ಫ್ಯಾರಡೆ ಲಂಡನ್ನಿನ ಬಡ ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. 1812ರಲ್ಲಿ, ಅವನಿಗಿನ್ನೂ ಇಪ್ಪತ್ತು ವರ್ಷ, ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿ ಅವನಿಗೆ ಟಿಕೆಟ್ ಕೊಟ್ಟರು. ರಾಯಲ್ ಇನ್‌ಸ್ಟಿಟ್ಯೂಷನ್ ಅನ್ನುವ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ. ಅಂಥ ನಾಲ್ಕು ಉಪನ್ಯಾಸ ಕೇಳಿದ. ಕೇಳುತ್ತಾ ಟಿಪ್ಪಣಿ ಮಾಡಿಕೊಂಡ. ಮನೆಗೆ ಬಂದು ವಿವರವಾಗಿ ಬರೆದು, ಚಿತ್ರ ಹಾಕಿ, ತಾನೇ ರಟ್ಟು ಕಟ್ಟಿ ಡೇವಿಗೇ ಕಳಿಸಿದ. 1813ರಲ್ಲಿ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು. 1831ರಲ್ಲಿ ಅವನೇ ಅಯಸ್ಕಾಂತದಿಂದ ವಿದ್ಯುತ್ ಹುಟ್ಟಿಸುವ ಬಗೆಯನ್ನು ಕಂಡುಹಿಡಿದ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟೂ ಅದೇ ತತ್ವದಿಂದ ಹುಟ್ಟಿದ್ದು. ಅವನು ಪುಸ್ತಕಗಳನ್ನೂ ಓದಿದ್ದ, ನಿಜ. ಆದರೆ ಬಾಗಿಲು ತೆರೆದದ್ದು ಕೇಳಿಸಿಕೊಂಡ ಆ ನಾಲ್ಕು ಉಪನ್ಯಾಸಗಳು.

ಮುಂದೆ ಅದೇ ಸಭಾಂಗಣದಲ್ಲಿ ಫ್ಯಾರಡೆ ಮಕ್ಕಳಿಗಾಗಿ ಮಾತಾಡಿದ. 1860ರ ಕ್ರಿಸ್‌ಮಸ್ ರಜೆಯಲ್ಲಿ ಒಂದು ಮೇಣದಬತ್ತಿಯ ಬಗ್ಗೆಯೇ ಆರು ಉಪನ್ಯಾಸ. ಆ ಮಾತನ್ನು ಬರೆದುಕೊಂಡು 1861ರಲ್ಲಿ ಪುಸ್ತಕ ಮಾಡಿದರು. ನಾನು ಆಡಿಯೊದಲ್ಲಿ ಕೇಳಿದ್ದು ಅದನ್ನೇ. ಅಂದರೆ ಅದು ಮೊದಲು ಬಾಯಲ್ಲೇ ಹುಟ್ಟಿದ ಪುಸ್ತಕ. ಲಿಬ್ರಿವಾಕ್ಸ್ ಅನ್ನುವ ಆಡಿಯೊ ಪುಸ್ತಕಗಳ ಜಾಲತಾಣದಲ್ಲಿ ಸ್ವಯಂಸೇವಕರು ಓದಿಟ್ಟಿದ್ದಾರೆ, ದುಡ್ಡು ಕೊಡಬೇಕಿಲ್ಲ.

ಇಲ್ಲಿ ಒಂದು ಮಾತು. ದನಿಯ ಪುಸ್ತಕ ಶುರುವಾಗಿದ್ದು ನನ್ನಂಥ ಮೆಟ್ರೊ ಪ್ರಯಾಣಿಕರಿಗಾಗಿ ಅಲ್ಲ. ಬ್ರಿಟನ್‌ನಲ್ಲಿ 1935ರಲ್ಲಿ, ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ನೆನೆದು ಗ್ರಾಮಫೋನ್ ತಟ್ಟೆಗಳಲ್ಲಿ ಪುಸ್ತಕ ತುಂಬಿದರು. ಅಮೆರಿಕದಲ್ಲಿ ಅದಕ್ಕೆ ಒಂದು ವರ್ಷ ಮೊದಲು. ಕಣ್ಣು ಕಾಣದವರಿಗೆ ಇಂಥ ಪ್ರತಿ ಮಾಡಿಕೊಡಲು ಹಕ್ಕುಸ್ವಾಮ್ಯ ಅಡ್ಡ ಬರಬಾರದು ಅಂತ 2013ರಲ್ಲಿ ಮರ್ರಾಕೆಶ್ ಒಪ್ಪಂದ ಆಯಿತು. ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ್ದು ಭಾರತ. 'ಬರೀ ಕೇಳಿದ್ದಾ' ಅನ್ನುವಾಗ ಆ ಮಾತು ಯಾರ ಮೇಲೆಲ್ಲ ಬೀಳುತ್ತದೆ ಅಂತ ಯೋಚನೆ ಮಾಡಿ.

ಇದು ನನಗೆ ಮನೆಯಲ್ಲೇ ಗೊತ್ತಾಯಿತು. ನಮ್ಮ ಅತ್ತೆಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿದೆ. ಪೇಪರ್‌ನಲ್ಲಿ ದಪ್ಪ ಅಕ್ಷರ ಮಾತ್ರ ಓದುತ್ತಾರೆ. ಒಂದು ಸಂಜೆ ಅಡುಗೆಮನೆಯಲ್ಲಿ ನಾನು ಕಿವಿಗೆ ಹಾಕಿಕೊಂಡು ಬೀನ್ಸ್ ಸೋಸುತ್ತಿದ್ದೆ. ಅವರು ಬತ್ತಿ ಹೊಸೆಯುತ್ತಾ ಕೇಳಿದರು. "ಅಷ್ಟು ಹೊತ್ತಿಂದ ಕೇಳ್ತಿದ್ದೀಯಲ್ಲ, ಅದರಲ್ಲಿ ಏನಿದೆಯೇ?"

ನಾನು ಕಾಯುತ್ತಿದ್ದ ಪ್ರಶ್ನೆ ಇದೇ. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

"ಮೇಣದಬತ್ತಿ ವಿಷಯ ಅತ್ತೆ" ಅಂದೆ. ಒಂದು ಹಚ್ಚಿ ತೋರಿಸಿದೆ. ಉರಿಯ ಸುತ್ತ ಕೆಳಗಿನಿಂದ ಗಾಳಿ ಮೇಲೇರುತ್ತದೆ. ಅದು ಮೇಣದಬತ್ತಿಯ ಹೊರ ಅಂಚನ್ನು ತಣ್ಣಗಿಡುತ್ತದೆ. ಹಾಗಾಗಿ ಅಂಚು ಕರಗುವುದಿಲ್ಲ, ನಡುವೆ ಮಾತ್ರ ಕರಗಿ ಪುಟ್ಟ ಬಟ್ಟಲಾಗುತ್ತದೆ. ಕರಗಿದ ಮೇಣ ಅಲ್ಲಿ ನಿಂತು ದಾರದ ಎಳೆಗಳ ಸಂದಿನಲ್ಲಿ ಮೇಲೇರುತ್ತದೆ. ಬಕೆಟ್ ಅಂಚಿನ ಮೇಲೆ ಬಿಟ್ಟ ಟವೆಲ್ ನೀರು ಹೀರಿ ನೆಲಕ್ಕೆ ಸುರಿಸುತ್ತಲ್ಲ, ಹಾಗೆ. "ಅದಕ್ಕೇ ಬತ್ತಿ ತೀರಾ ಬಿಗಿಯಾಗಿ ಹೊಸೀಬಾರದು, ಎಣ್ಣೆ ಏರಲ್ಲ" ಅಂದರು ಅತ್ತೆ. ಫ್ಯಾರಡೆ ಹೇಳದ ಮಾತು. ನಾನು ಅವತ್ತೇ ಕಲಿತೆ.

ಆಮೇಲೆ ಉರಿಯನ್ನು ಮೆಲ್ಲಗೆ ಊದಿ ಆರಿಸಿದೆ. ಬಿಳಿ ಹೊಗೆಯ ಎಳೆ ಎದ್ದಿತು. ಬೆಂಕಿಕಡ್ಡಿ ಗೀರಿ ದಾರದಿಂದ ಎರಡು ಬೆರಳು ಮೇಲೆ, ಆ ಹೊಗೆಗೆ ಹಿಡಿದೆ. ಉರಿ ಹೊಗೆಯ ಎಳೆ ಹಿಡಿದು ಕೆಳಗಿಳಿದು ದಾರಕ್ಕೆ ಹತ್ತಿತು. ಉರಿಯುವುದು ಮೇಣದ ಆವಿ ಅನ್ನುವುದಕ್ಕೆ ಅದೇ ಸಾಕ್ಷಿ. ಅತ್ತೆಗೆ ಹೊಗೆ ಕಾಣಲಿಲ್ಲ, ಉರಿ ಹಾರಿದ್ದು ಕಂಡಿತು. "ಇನ್ನೊಂದ್ಸಲ ಮಾಡು" ಅಂದರು. ಆರು ಕಡ್ಡಿ ಖರ್ಚಾಯಿತು.

"ಇದು ಕನ್ನಡದಲ್ಲಿ ಕೇಳೋಕೆ ಸಿಗುತ್ತಾ?" ಇದು ಅವರ ಎರಡನೇ ಪ್ರಶ್ನೆ. ಹುಡುಕಿದೆ. ನನಗೆ ಸಿಕ್ಕ ಕನ್ನಡ ಆಡಿಯೊಗಳಲ್ಲಿ ಕತೆ, ಕಾದಂಬರಿಯೇ ಜಾಸ್ತಿ. ವಿಜ್ಞಾನ ತುಂಬಾ ಕಡಿಮೆ. ಇದು ನನಗೆ ನಿಜವಾಗಿ ಸಂಕಟ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದ್ದೂ 1935ರಲ್ಲೇ. ದನಿಯ ವಿಷಯದಲ್ಲಿ ನಾವು ತಡವಾಗಿ ಬಂದವರಲ್ಲ. ಶಿವರಾಮ ಕಾರಂತರು, ಬಿ.ಜಿ.ಎಲ್. ಸ್ವಾಮಿ, ಜಿ.ಟಿ. ನಾರಾಯಣರಾವ್ ಇಂಥವರೆಲ್ಲ ಕನ್ನಡದಲ್ಲಿ ವಿಜ್ಞಾನ ಬರೆದಿಟ್ಟಿದ್ದಾರೆ. ಅದನ್ನೆಲ್ಲ ಒಳ್ಳೆಯ ದನಿಯಲ್ಲಿ ಓದಿಸಿದರೆ ಅತ್ತೆಯಂಥ ಎಷ್ಟು ಜನ ಕೇಳುತ್ತಾರೆ!

ಸದ್ಯಕ್ಕೆ ನಾನೇ ಓದುತ್ತಿದ್ದೇನೆ. ಫ್ಯಾರಡೆಯ ಮಾತನ್ನು ಕನ್ನಡಕ್ಕೆ ತಿರುಗಿಸಿ, ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಒಂದು ಕಡೆ ಕುಕ್ಕರ್ ಕೂಗಿದೆ, ಹಾಗೇ ಬಿಟ್ಟಿದ್ದೇನೆ. ಅತ್ತೆ ಅದನ್ನು ತಿಪಟೂರಿನಲ್ಲಿರುವ ತಂಗಿಗೆ ಕಳಿಸಿದ್ದರು. ಹೋದ ವಾರ ಆ ಚಿಕ್ಕತ್ತೆಯ ಫೋನ್ ಬಂತು. ಉರಿಯ ಮೇಲೆ ಐಸ್ ತುಂಬಿದ ಪಾತ್ರೆ ಹಿಡಿದರೆ ತಳದಲ್ಲಿ ನೀರು ಕಟ್ಟುತ್ತದೆ, ಮೇಣ ಉರಿದಾಗ ನೀರೂ ಹುಟ್ಟುತ್ತದೆ ಅನ್ನುವ ಭಾಗವನ್ನು ಅವರು ಕೇಳಿದ್ದರು.

"ಅಲ್ವೇ, ಐಸ್ ಹಾಕಿದ ಲೋಟ ಸುಮ್ನೆ ಇಟ್ಟರೂ ಹೊರಗೆ ನೀರು ಕಟ್ಟುತ್ತಲ್ಲ. ಅದು ಉರಿಯಿಂದಲೇ ಬಂತು ಅಂತ ಹೇಗೆ ಗೊತ್ತು?"

ನಾನು ಕೇಳುವಾಗ ನನಗೆ ಹೊಳೆಯದ ಪ್ರಶ್ನೆ. ಸ್ವಲ್ಪ ಯೋಚನೆ ಮಾಡಿ, "ಐಸ್ ಬೇಡ ಚಿಕ್ಕತ್ತೆ, ಒಣಗಿದ ಗಾಜಿನ ಲೋಟ ತಗೊಂಡು ಉರಿ ಮೇಲೆ ಬೋರಲು ಹಿಡೀರಿ" ಅಂದೆ. ಫೋನ್ ಇಟ್ಟು ಹೋದರು. ಕಡ್ಡಿ ಗೀರಿದ ಸದ್ದು ಕೇಳಿಸಿತು. ಆಮೇಲೆ ದೂರದಿಂದ ದನಿ ಬಂತು. "ಮಂಜು ಕಟ್ಟಿತು ಕಣೇ!"