ಅವನಾ, ಅವಳಾ, ಅವರಾ: ಬ್ಯಾಡ್ಜಿನ ಮೂರನೇ ಸಾಲು

2025 ಮೇ 11, ಭಾನುವಾರ. ಬದಿಯಡ್ಕ, ರಾತ್ರಿ ಹತ್ತೂವರೆ

ಶಿಬಿರ ಮುಗಿಯಿತು. ಗಂಟಲು ಕಟ್ಟಿದೆ, ಕಾಲು ಊರಲಿಕ್ಕಾಗುವುದಿಲ್ಲ, ಕರೆಂಟು ಈಗಷ್ಟೇ ಬಂತು. ನಾಳೆಗೆ ಬಿಟ್ಟರೆ ಮರೆತುಹೋಗುತ್ತದೆ ಅಂತ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಗ್ರಂಥಾಲಯದಲ್ಲಿ ಎರಡು ದಿನದ ಓದುವ ಶಿಬಿರ. ಹದಿನೆಂಟರಿಂದ ಇಪ್ಪತ್ತನಾಲ್ಕು ವಯಸ್ಸಿನ ನಲವತ್ತೆರಡು ಜನ. ಬ್ಯಾಡ್ಜಿನ ಕೆಲಸ ನನ್ನದು. ಮೊದಲ ಸಾಲು ಹೆಸರು, ಎರಡನೇ ಸಾಲು ಊರು. ಮೂರನೇ ಸಾಲು ನನ್ನ ತಲೆಯಿಂದ ಬಂದದ್ದು: ‘ನನ್ನ ಬಗ್ಗೆ ಹೇಳುವಾಗ’. ಅಂದರೆ ಅವನು ಅನ್ನಬೇಕಾ, ಅವಳು ಅನ್ನಬೇಕಾ ಅಂತ. ಇನ್‌ಸ್ಟಾಗ್ರಾಮಿನವರು 2021ರ ಮೇ ತಿಂಗಳಲ್ಲಿ ಪ್ರೊಫೈಲಿನಲ್ಲಿ ಇದಕ್ಕೆ ಅಂತಲೇ ಒಂದು ಜಾಗ ಕೊಟ್ಟರಲ್ಲ, ಅದನ್ನು ನೋಡಿ ಬಂದ ಉಮೇದು. ಆದರೆ ನಾನು ಮಾಡಿದ ದಡ್ಡತನ ನೋಡಿ. ಆನ್‌ಲೈನ್ ಫಾರ್ಮಿನಲ್ಲಿ ಆ ಪ್ರಶ್ನೆಗೆ ಎರಡೇ ಆಯ್ಕೆ ಕೊಟ್ಟೆ, ಮೇಲಿಂದ ಕೆಂಪು ನಕ್ಷತ್ರ ಹಾಕಿ ಕಡ್ಡಾಯ ಮಾಡಿದೆ.

ಫಾರ್ಮ್ ಕಳಿಸಿದ ಮೂರನೇ ದಿನ ಫೋನ್ ಬಂತು. "ಅಕ್ಕಾ, ಅದನ್ನು ತುಂಬದಿದ್ದರೆ ಫಾರ್ಮ್ ಮುಂದೆ ಹೋಗುವುದಿಲ್ಲ. ತುಂಬಿದರೆ ಎರಡೂ ಸುಳ್ಳು."

ಫೋನ್ ಮಾಡಿದವರು ಯಾರು, ಯಾವ ಊರಿನವರು ಅಂತ ಇಲ್ಲಿ ಬರೆಯುವುದಿಲ್ಲ, ನಮ್ಮ ಊರುಗಳು ಸಣ್ಣವು. ಹತ್ತೊಂಬತ್ತು ವಯಸ್ಸು, ಚಂದ ಹಾಡುತ್ತಾರೆ, ಅಷ್ಟು ಸಾಕು. ಗಂಡೂ ಅಲ್ಲ ಹೆಣ್ಣೂ ಅಲ್ಲ, ತನ್ನನ್ನು ‘ಅವರು’ ಅಂದರೆ ಸಾಕು ಎಂದರು. ನಕ್ಷತ್ರ ತೆಗೆದೆ. ಎರಡು ಆಯ್ಕೆಯನ್ನೂ ತೆಗೆದು, ಬೇಕಾದವರು ಬೇಕಾದ್ದು ಬರೆಯಿರಿ, ಬೇಡದವರು ಖಾಲಿ ಬಿಡಿ ಅಂತ ಮಾಡಿದೆ.

ಖಾಲಿ ಜಾಗ ಬಿಟ್ಟರೆ ನಮ್ಮ ಹುಡುಗರು ಸುಮ್ನೆ ಇರುತ್ತಾರಾ? ಒಬ್ಬ ‘ಮಹಾರಾಜರು’ ಅಂತ ಬರೆದ. ಇನ್ನೊಬ್ಬಳು ‘ಯಾರೋ’. ಮತ್ತೊಬ್ಬ ಏನು ಬರೆದ ಅಂತ ಹೇಳುವುದಿಲ್ಲ, ಅದು ತಮಾಷೆ ಆಗಿರಲಿಲ್ಲ, ಇನ್ನೊಬ್ಬರನ್ನು ನೋಯಿಸಲಿಕ್ಕೆ ಅಂತಲೇ ಬರೆದದ್ದು. ಇಲ್ಲಿ ನನಗೆ ತಲೆಬಿಸಿ ಶುರುವಾಯಿತು. ಯಾವುದನ್ನು ಬಿಡುವುದು, ಯಾವುದನ್ನು ಹೊಡೆದುಹಾಕುವುದು, ಹೊಡೆದುಹಾಕಲಿಕ್ಕೆ ನಾನು ಯಾರು? ಇನ್‌ಸ್ಟಾಗ್ರಾಮಿನವರು ಜಾಣರು, ಪಟ್ಟಿ ಕೊಟ್ಟು ಅದರಿಂದಲೇ ಆರಿಸಿ ಅನ್ನುತ್ತಾರೆ, ಪಟ್ಟಿಯಲ್ಲಿ ಇಲ್ಲದ್ದು ಬೇಕಾದರೆ ಅರ್ಜಿ ಹಾಕಬೇಕು. ಪಟ್ಟಿ ಇದ್ದರೆ ಕುಚೋದ್ಯ ಇಲ್ಲ, ಆದರೆ ಪಟ್ಟಿ ಮಾಡಿದವರ ತಲೆಗೆ ಹೊಳೆಯದವರಿಗೆ ಜಾಗವೂ ಇಲ್ಲ. ನನ್ನ ಮೊದಲ ಫಾರ್ಮಿನಲ್ಲಿ ಆದದ್ದು ಅದೇ ಅಲ್ವಾ.

ಕೊನೆಗೆ ನನ್ನದೇ ಒಂದು ಲೆಕ್ಕ ಮಾಡಿಕೊಂಡೆ. ತನ್ನನ್ನೇ ಗೇಲಿ ಮಾಡಿಕೊಂಡವನದ್ದು ಹಾಗೆಯೇ ಪ್ರಿಂಟ್ ಆಗಲಿ. ಇನ್ನೊಬ್ಬರನ್ನು ಗೇಲಿ ಮಾಡಿದವನಿಗೆ ಹೆಸರು, ಊರು ಮಾತ್ರ. ಅವನಿಗೆ ಫೋನ್ ಮಾಡಿ ಯಾಕೆ ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ವಾದ ಮಾಡಿದ, ಆಮೇಲೆ ಸರಿ ಅಂದ. ಶಿಬಿರಕ್ಕೆ ಬಂದ, ತೊಂದರೆ ಮಾಡಲಿಲ್ಲ. ಮಹಾರಾಜರ ಕಥೆಯೇ ಬೇರೆ. ನಿನ್ನೆ ಬೆಳಿಗ್ಗೆಯಿಂದ ಇಡೀ ಶಿಬಿರ ಬಿಡಲೇ ಇಲ್ಲ. ಮಹಾರಾಜರು ಚಹಾ ಕುಡಿದರಾ, ಮಹಾರಾಜರು ಪಾಯಿಖಾನೆಗೆ ಹೋಗಿ ಬಂದರಾ, ಮಹಾರಾಜರು ಸ್ವಲ್ಪ ಜರುಗಿ ಕೂರಬೇಕಂತೆ. ಮಧ್ಯಾಹ್ನ ಊಟಕ್ಕೆ ಮೊದಲು ಬಂದು, "ಅಕ್ಕಾ, ಇನ್ನೊಂದು ಬ್ಯಾಡ್ಜ್ ಉಂಟಾ?" ಎಂದ.

ಸಮಿತಿಯ ಹಿರಿಯ ಮಾಸ್ಟ್ರಿಗೆ ಮಾತ್ರ ಮೂರನೇ ಸಾಲು ಮೊದಲಿಂದಲೂ ಇಷ್ಟ ಇರಲಿಲ್ಲ. ಅವರ ತಕರಾರು ನಾನು ಎಣಿಸಿದ್ದಲ್ಲ. ಗಂಡು ಹೆಣ್ಣಿನ ವಿಷಯ ಅವರು ಎತ್ತಲೇ ಇಲ್ಲ. "ಹತ್ತೊಂಬತ್ತು ವರ್ಷದ ಮಕ್ಕಳಿಗೆ ಅವರು, ಇವರು ಅಂತ ಬಹುವಚನ ಯಾಕೆ ಮಾರಾಯ್ತಿ? ನಾನು ನಲವತ್ತು ವರ್ಷ ಪಾಠ ಮಾಡಿ ಗಳಿಸಿದ್ದು ಅದು."

ನಗು ಬಂತು, ಆದರೆ ಮಾತು ಸುಳ್ಳಲ್ಲ. ಇಂಗ್ಲಿಷಿನಲ್ಲಿ ‘ದೇ’ (they) ಅಂದರೆ ಮರ್ಯಾದೆ ಜಾಸ್ತಿಯೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಮೆರಿಯಂ ವೆಬ್‌ಸ್ಟರ್ ನಿಘಂಟು 2019ರಲ್ಲಿ ಇಂಥವರೊಬ್ಬರಿಗೆ ಹೇಳುವ ‘ದೇ’ಯ ಅರ್ಥವನ್ನೂ ಸೇರಿಸಿಕೊಂಡಿತು. ಸ್ವೀಡನ್ನಿನವರು ಅವನು, ಅವಳು ಎರಡೂ ಅಲ್ಲದ ‘ಹೆನ್’ ಅನ್ನುವ ಪದವನ್ನು 2015ರಲ್ಲಿ ತಮ್ಮ ಅಕಾಡೆಮಿಯ ಪದಪಟ್ಟಿಗೆ ತಂದರು. ನಮಗೆ ಹೊಸ ಪದ ಬೇಕಾಗಿಯೇ ಇಲ್ಲ, ‘ಅವರು’ ಮೊದಲೇ ಇದೆ. ಆದರೆ ಅದು ವಯಸ್ಸು, ಪದವಿ, ದೂರ ಎಲ್ಲವನ್ನೂ ಹೊತ್ತುಕೊಂಡು ಕೂತಿದೆ. ಗೆಳೆಯರು ಒಬ್ಬರನ್ನೊಬ್ಬರು ‘ಅವರು’ ಅಂದರೆ ಜಗಳ ಆಗಿದೆಯಾ ಅಂತ ಕೇಳುತ್ತಾರೆ. ಆ ಹಾಡುವವರೂ ಇದನ್ನೇ ಹೇಳಿದರು: "ಅವರು ಅಂದಾಗ ಒಳ್ಳೆಯದಾಗುತ್ತದೆ ಅಕ್ಕಾ, ಆದರೆ ಸ್ವಲ್ಪ ಹೊರಗೆ ಕೂರಿಸಿದ ಹಾಗೂ ಆಗುತ್ತದೆ."

ಇನ್ನೊಂದು ಪೇಚು ಕ್ರಿಯಾಪದದ್ದು. ಸರ್ವನಾಮ ಬಿಟ್ಟು ಬರೀ ಹೆಸರು ಹೇಳಿ ಬಚಾವಾಗೋಣ ಅಂದರೆ ಬಂದ, ಬಂದಳು, ಬಂದರು ಅಂತ ಬಾಲ ಹಿಡಿದುಕೊಂಡೇ ಬರುತ್ತದೆ. ತುಳುವಿನಲ್ಲೂ ಹಾಗೆಯೇ, ಬತ್ತೆ, ಬತ್ತಳ್, ಬತ್ತೆರ್. ಹೆಸರು ಬರೆಸಿಕೊಳ್ಳಲು ಕೂತಿದ್ದ ಮಲಯಾಳಿ ಹುಡುಗಿ ನಮ್ಮ ಪರದಾಟ ನೋಡಿ ನಕ್ಕಳು. ಅವಳಿಗೆ ಯಾರು ಬಂದರೂ ‘ವನ್ನು’. ಹೆಸರು ಹೇಳಿ ವನ್ನು ಅಂದರೆ ಮುಗಿಯಿತು. ಇನ್ನೊಂದು ಮಜಾ ನೋಡಿ, ನಾನು, ನೀನು, ನೀವು ಯಾವುದಕ್ಕೂ ಲಿಂಗ ಇಲ್ಲ. ಎದುರಿಗೆ ನಿಂತು ಮಾತಾಡುವಾಗ ತೊಂದರೆಯೇ ಬರುವುದಿಲ್ಲ. ಅವನು ಅವಳು ಬರುವುದು ಆ ಮನುಷ್ಯ ಅತ್ತ ಹೋದ ಮೇಲೆ. ಬ್ಯಾಡ್ಜ್ ಇರುವುದು ಎದೆ ಮೇಲೆ, ಕೆಲಸಕ್ಕೆ ಬರಬೇಕಾದ್ದು ಬೆನ್ನ ಹಿಂದೆ.

ಮಾಸ್ಟ್ರು ತೆಂಕುತಿಟ್ಟಿನ ಯಕ್ಷಗಾನದ ಹುಚ್ಚು ಇರುವವರು. ನಿನ್ನೆ ರಾತ್ರಿ ಅವರನ್ನು ಸ್ವಲ್ಪ ಕೆಣಕಿದೆ. ಸ್ತ್ರೀವೇಷ ಹಾಕುವ ಗಂಡಸರನ್ನು ಬಣ್ಣ ಹಚ್ಚುವ ಚೌಕಿಯಲ್ಲಿ ‘ಅವ’ ಅನ್ನುತ್ತೀರಿ, ಆಟ ನೋಡಿ ಬಂದ ಮೇಲೆ ದಮಯಂತಿ ಎಷ್ಟು ಚಂದ ಅತ್ತಳು ಅನ್ನುತ್ತೀರಿ, ಆಗ ನಾಲಗೆ ತೊಡರುವುದಿಲ್ಲವಾ ಅಂತ. "ಅದು ವೇಷ" ಎಂದರು. ಅಲ್ಲಿಗೆ ನನ್ನ ವಾದ ಬಿತ್ತು, ಯಾಕೆಂದರೆ ಅವರು ಹೇಳಿದ್ದೇ ಸರಿ. ವೇಷ ಬೆಳಗಾದರೆ ಕಳಚುತ್ತದೆ. ಹಾಡುವವರದ್ದು ಕಳಚಿ ಪೆಟ್ಟಿಗೆಯಲ್ಲಿ ಇಡುವಂಥದ್ದಲ್ಲ. ಕಾನೂನು ಓದುವ ಹುಡುಗನೊಬ್ಬ ನಡುವೆ ಬಾಯಿ ಹಾಕಿ, ತನ್ನ ಲಿಂಗ ಯಾವುದು ಅಂತ ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಸುಪ್ರೀಂ ಕೋರ್ಟ್ 2014ರ ಏಪ್ರಿಲ್‌ನಲ್ಲೇ ಒಪ್ಪಿದೆ ಮಾಸ್ಟ್ರೇ ಎಂದ. "ಕೋರ್ಟು ನನ್ನ ವ್ಯಾಕರಣ ತಿದ್ದುತ್ತದಾ?" ಅಂತ ಮಾಸ್ಟ್ರು ಚಾಪೆ ಬಿಡಿಸಿ ಮಲಗಿದರು.

ಇವತ್ತು ಮಧ್ಯಾಹ್ನ ಬಡಿಸುವಾಗ ಆದದ್ದನ್ನು ಬರೆಯಲೇಬೇಕು. ಅಡುಗೆಗೆ ಬಂದ ಹವ್ಯಕ ಅಜ್ಜಿ ಹಾಡುವವರನ್ನು ತೋರಿಸಿ ನನ್ನ ಹತ್ತಿರ, "ಅದಕ್ಕೆ ಊಟ ಆತೋ?" ಎಂದರು. ಪಂಕ್ತಿಯಲ್ಲಿದ್ದ ಘಟ್ಟದ ಮೇಲಿನ ಹುಡುಗ ಗಕ್ಕನೆ ತಲೆ ಎತ್ತಿದ. ಮನುಷ್ಯರನ್ನು ‘ಅದು’ ಅನ್ನುವುದಾ! ಹವ್ಯಕರ ಮಾತಿನಲ್ಲಿ ಹೆಂಗಸರೆಲ್ಲ ‘ಅದು’. ಅಕ್ಕ ಬಂತು, ತಂಗಿ ಹೋತು. ಅಜ್ಜಿಯ ಕಣ್ಣಿಗೆ ಇವರು ಹುಡುಗಿಯ ಹಾಗೆ ಕಂಡದ್ದು, ಅಷ್ಟೆ. ಆದರೆ ಇದೇ ‘ಅದು’ವನ್ನು ಬಸ್‌ಸ್ಟ್ಯಾಂಡಿನಲ್ಲಿ ಇಂಥವರ ಮೇಲೆ ಕಲ್ಲಿನ ಹಾಗೆ ಎಸೆಯುವುದನ್ನೂ ಕೇಳಿದ್ದೇನೆ. ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಹಾಡುವವರು ನನ್ನ ಮುಖ ನೋಡಿ, "ಇನ್ನೊಂದು ಸೌಟು ಹಾಕಿ ಅಕ್ಕಾ" ಎಂದರು. ಬೇಸರ ಆಯಿತಾ ಅಂತ ಆಮೇಲೆ ಕೇಳಿದೆ. ಅಜ್ಜಿ ಎರಡು ಹಪ್ಪಳ ಜಾಸ್ತಿ ಹಾಕಿದ್ದಾರೆ, ಬೇಸರ ಎಲ್ಲಿಂದ ಅಂದರು.

ಕೆಟ್ಟದ್ದು ಆದದ್ದು ಮೂರು ಗಂಟೆಗೆ. ಸಮಿತಿಯ ಒಬ್ಬರು ಗುಂಪಿನ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದರು. ದೊಡ್ಡದು ಮಾಡಿ ನೋಡಿದರೆ ಮೂರನೇ ಸಾಲು ಸ್ಪಷ್ಟ. ಹಾಡುವವರ ಮನೆಯಲ್ಲಿ ಇನ್ನೂ ಗೊತ್ತಿಲ್ಲ. ಶಿಬಿರದೊಳಗೆ ಹೇಳಿಕೊಂಡದ್ದು ಊರಿಗೆಲ್ಲ ಹೇಳಿದ ಹಾಗಲ್ಲ ಅಂತ ನನಗೆ ಹೊಳೆದದ್ದು ಆವಾಗ. ಇನ್‌ಸ್ಟಾಗ್ರಾಮಿನಲ್ಲಿ ಇದನ್ನು ಫಾಲೋವರ್‌ಗಳಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ನನ್ನ ರಟ್ಟಿನ ಬ್ಯಾಡ್ಜಿಗೆ ಅಂಥ ಗುಂಡಿ ಎಲ್ಲಿಂದ ತರಲಿ? ಫೋಟೋ ತೆಗೆಸಿದೆ. ಅಷ್ಟರೊಳಗೆ ಹನ್ನೊಂದು ಜನ ನೋಡಿಯಾಗಿತ್ತು. ಆ ಹನ್ನೊಂದು ಹೆಸರನ್ನೂ ಹಾಡುವವರಿಗೆ ತೋರಿಸಿದೆ, ತಪ್ಪಾಯಿತು ಎಂದೆ. ಒಂದೊಂದೇ ಓದಿ, ಮನೆಯವರ ಕಡೆಯವರು ಯಾರೂ ಇಲ್ಲ ಎಂದರು. ಮುಂದಿನ ವರ್ಷ ಮೂರನೇ ಸಾಲು ಬ್ಯಾಡ್ಜಿನ ಹಿಂಬದಿಗೆ. ಬೇಕಾದವರು ತಿರುಗಿಸಿಕೊಳ್ಳಲಿ, ಫೋಟೋಕ್ಕೆ ಮೊದಲು ಎಲ್ಲರೂ ಬ್ಯಾಡ್ಜ್ ಬಿಚ್ಚಲಿ.

ಸಂಜೆ ಧನ್ಯವಾದ ಹೇಳಿದ್ದು ಮಾಸ್ಟ್ರು. ಹಾಡಿನ ವಿಷಯಕ್ಕೆ ಬಂದಾಗ ನಾನು ಉಸಿರು ಹಿಡಿದೆ. "ನಿನ್ನೆಯ ಹಾಡು ಕಿವಿಯಲ್ಲೇ ಉಂಟು. ಸ್ವರ ಚೆನ್ನಾಗಿತ್ತು. ಉಚ್ಚಾರ ಶುದ್ಧವಾಗಿತ್ತು." ಹಾಡಿದ, ಹಾಡಿದಳು, ಹಾಡಿದರು, ಒಂದೂ ಇಲ್ಲ! ವ್ಯಾಕರಣದ ಮಾಸ್ಟ್ರು ಸುಮ್ನೆ ಅಲ್ಲ. ಒಪ್ಪಲೂ ಇಲ್ಲ, ನೋಯಿಸಲೂ ಇಲ್ಲ.

ಎಲ್ಲರನ್ನೂ ಕುಂಬಳೆ ಬಸ್ಸಿಗೆ ಹತ್ತಿಸಿ ಬಂದಾಗ ಮಾಸ್ಟ್ರು ಸ್ಕೂಟರಿನ ಹತ್ತಿರ ನಿಂತಿದ್ದರು. "ಅವರು ಹೋದರಾ?" ಎಂದು ಕೇಳಿದರು. ನನಗೆ ಖುಷಿಯೋ ಖುಷಿ.

"ಹೋದರು ಮಾಸ್ಟ್ರೇ, ಈಗಷ್ಟೇ ಬಸ್ಸು ಹತ್ತಿದರು."

"ಬಸ್ಸಾ? ಅಷ್ಟು ದೊಡ್ಡ ಪಾತ್ರೆ ಹಿಡಿದುಕೊಂಡಾ?"

ಅವರು ಕೇಳಿದ್ದು ಬಾಡಿಗೆ ಪಾತ್ರೆಯವರನ್ನು.