ಕರೆಂಟು ಬಂದ ಮೇಲೆ ಹೋಗುವ ನೆಟ್

ವೈಫೈ ಬರುತ್ತದೆ ಎಂದುಕೊಂಡು ಶಿರಸಿ ಕಡೆಯ ಹಳೇ ಮನೆಗಳನ್ನು ಯಾರೂ ಕಟ್ಟಿದ್ದಲ್ಲ. ನಮ್ಮದೂ ಹಾಗೇ. ದಪ್ಪ ದಪ್ಪ ಮಣ್ಣಿನ ಗೋಡೆ. ಜಗಲಿ, ನಡುಮನೆ, ದೇವರ ಕೋಣೆ, ಅಡುಗೆಮನೆ, ಅದರಾಚೆ ಬಚ್ಚಲು, ಕೊಟ್ಟಿಗೆ ಅಂತ ಉದ್ದಕ್ಕೆ ಬೆಳೆಯುತ್ತಾ ಹೋಗಿದೆ. ಮೇಲೊಂದು ಮೆತ್ತು. ಅಂಗಳದ ಆಚೆ ಅಣ್ಣ ಕಟ್ಟಿಸಿದ ಚಿರೆಕಲ್ಲಿನ ಹೊಸ ಮನೆ. ಫೈಬರ್ ಬಂದು ನಿಂತದ್ದು ಜಗಲಿಯ ಮೂಲೆಯಲ್ಲಿ. ಅಲ್ಲಿಂದ ಹೊರಟ ಸಿಗ್ನಲ್ ನಡುಮನೆ ದಾಟುವುದರೊಳಗೆ ಸುಸ್ತಾಗಿರುತ್ತದೆ.

ಹಾಗಾಗಿ ಬೇಕಾದವರು ಬೇಕಾದಲ್ಲಿ ಒಂದೊಂದು ರೌಟರ್ ಇಟ್ಟುಕೊಂಡಿದ್ದರು. ಜಗಲಿಯಲ್ಲಿ ಕಂಪನಿಯವರು ಕೊಟ್ಟ ಮೋಡೆಮ್. ಮೆತ್ತಿನ ಮೇಲೆ ಭಾವ ತಂದುಕೊಟ್ಟದ್ದು. ಹೊಸ ಮನೆಗೆ ಅಣ್ಣ ಪೇಟೆಯಿಂದ ತಂದು ವೈರು ಎಳೆದು ಹಾಕಿದ್ದು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡೋಣ ಅಂತ ನಾನು ಊರಿಗೆ ಬಂದಾಗ ಮೂರರಲ್ಲೂ ದೀಪ ಮಿಣುಕುತ್ತಿತ್ತು. ಮನೆಯಲ್ಲಿ ಮಾತ್ರ ದಿನಾ ಒಂದು ದೂರು.

ದೂರು ವಿಚಿತ್ರವಾಗಿತ್ತು. ಜಗಲಿಯಲ್ಲಿ ಕೂತ ಅಪ್ಪನಿಗೆ ಅಡಿಕೆ ದರ ಕಾಣುತ್ತದೆ. ಅವರ ಪಕ್ಕದಲ್ಲೇ ಕೂತ ಆಯಿಯ ಫೋನಿನಲ್ಲಿ ಏನೂ ಇಲ್ಲ. ಸಿಗ್ನಲ್ ಕಡ್ಡಿ ಪೂರ್ತಿ ಇದೆ, ಮೋಡೆಮ್ ಕೈಯಳತೆಯಲ್ಲಿದೆ, ಆದರೂ ವಿಡಿಯೋ ಸುತ್ತುತ್ತಲೇ ಇರುತ್ತದೆ. ಕಂಪನಿಯ ಹುಡುಗ ಬಂದು ಬೆಳಕಿನ ಅಳತೆ ನೋಡಿ, ಲೈನ್ ಸರಿ ಇದೆ ಎಂದು ಹೇಳಿ ಚಾ ಕುಡಿದು ಹೋಗಿದ್ದ. ಅವನು ಹೇಳಿದ್ದು ಸುಳ್ಳಲ್ಲ. "ಇನ್ನೊಂದು ರೌಟರ್ ತಂದ್ರಾತು" ಅನ್ನುವುದು ಅಣ್ಣನ ಔಷಧ. ನೆಟ್ ಸರಿಯಿಲ್ಲ ಅಂದರೆ ಎಲ್ಲರೂ ಸಿಗ್ನಲ್ಲನ್ನೇ ದೂರುತ್ತಾರೆ, ಅಲ್ವಾ?

ಸುಳಿವು ಕೊಟ್ಟದ್ದು ಆಯಿ. "ಕರೆಂಟು ಹೋಗಿ ಬಂದ್ ಮೇಲೇ ಹಿಂಗಾಗ್ತು ತಮಾ. ಸುಮ್‌ಸುಮ್ನೆ ಆಗ್ತಿಲ್ಲೆ."

ಇದನ್ನು ಆಯಿ ಮೊದಲಿಂದಲೂ ಹೇಳುತ್ತಲೇ ಇದ್ದರಂತೆ. ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆರಿದ್ರೆ ಮಳೆಯ ಕಾಲ. ಕರೆಂಟು ಹೋಗಲಿ ಅಂತ ಜಾಸ್ತಿ ಕಾಯಬೇಕಾಗಲಿಲ್ಲ. ಎಲ್ಲೋ ಮರ ಬಿದ್ದು ಮಧ್ಯಾಹ್ನ ಹೋದದ್ದು ಸಂಜೆ ಬಂತು. ನಾನು ಲ್ಯಾಪ್‌ಟಾಪ್ ಹಿಡಿದು ಮೋಡೆಮ್ಮಿನ ಬುಡದಲ್ಲೇ ಕೂತೆ. ನೆಟ್ ಇಲ್ಲ. ಆಜ್ಞೆ ಬರೆಯುವ ಕಪ್ಪು ಕಿಟಕಿ ತೆರೆದು, ಲ್ಯಾಪ್‌ಟಾಪಿನ ವಿಳಾಸ ತೋರಿಸುವ ಐಪಿಕಾನ್ಫಿಗ್ ಆಜ್ಞೆ ಕೊಟ್ಟೆ. ನನ್ನ ವಿಳಾಸ 192.168.1.103, ಹೊರಗೆ ಹೋಗುವ ಬಾಗಿಲು ಅಂದರೆ ಗೇಟ್‌ವೇ 192.168.1.1. ಎಲ್ಲ ಸರಿಯಾಗಿಯೇ ಕಾಣುತ್ತಿದೆ. ಸರಿ, ಮೋಡೆಮ್ಮನ್ನೇ ಕೇಳೋಣ ಅಂತ ಬ್ರೌಸರಿನಲ್ಲಿ 192.168.1.1 ಒತ್ತಿದೆ. ತೆರೆದುಕೊಂಡದ್ದು ಮೋಡೆಮ್ಮಿನ ಪುಟವಲ್ಲ, ಅಂಗಳದಾಚೆಯ ಅಣ್ಣನ ರೌಟರಿನ ಪುಟ!

ಅಲ್ಲಿಗೆ ಕಥೆ ಬಿಚ್ಚಿಕೊಂಡಿತು. ಯಾವ ವಿಳಾಸ ಯಾವ ಯಂತ್ರದ್ದು ಎಂದು ಲ್ಯಾಪ್‌ಟಾಪ್ ಬರೆದಿಟ್ಟುಕೊಳ್ಳುವ ಎಆರ್‌ಪಿ ಪಟ್ಟಿ ತೆಗೆದು ನೋಡಿದರೆ 192.168.1.1 ಎದುರಿಗೆ ಇದ್ದ ಮ್ಯಾಕ್ ವಿಳಾಸ, ಅಂದರೆ ಯಂತ್ರದ ಹುಟ್ಟುಗುರುತು, ಮೋಡೆಮ್ಮಿನ ಬೆನ್ನಿನ ಸ್ಟಿಕ್ಕರಿಗೆ ಹೊಂದುತ್ತಿರಲಿಲ್ಲ. ಮೋಡೆಮ್ಮಿಗೂ ಅಣ್ಣನ ರೌಟರಿಗೂ ಕಾರ್ಖಾನೆಯಲ್ಲಿ ಕೊಟ್ಟ ಐಪಿ ವಿಳಾಸ ಒಂದೇ, 192.168.1.1. ಎರಡೂ ಒಂದೇ ವೈರಿನ ಮೇಲಿವೆ. ವಿಳಾಸ ಹಂಚುವ ಡಿಎಚ್‌ಸಿಪಿ ಎರಡರಲ್ಲೂ ಆನ್. ಅಂದರೆ ಫೋನು "ನನಗೊಂದು ವಿಳಾಸ ಕೊಡಿ" ಎಂದು ಕೂಗಿದಾಗ ಇಬ್ಬರೂ ಓಗೊಡುತ್ತಾರೆ. ಯಾರ ಉತ್ತರ ಮೊದಲು ಸಿಕ್ಕಿತೋ ಫೋನು ಅವರ ಹಿಂದೆ ಹೋಗುತ್ತದೆ. ಅಣ್ಣನ ರೌಟರಿನ ಹಿಂದೆ ಹೋದರೆ ಕೆಟ್ಟಿತು. ಹೊರಗಿನ ನೆಟ್ಟಿಗೆ ಜೋಡಿಸುವ ಅದರ ವ್ಯಾನ್ ಪೋರ್ಟು ಖಾಲಿ. ಹೊರಗೆ ಹೋಗುವ ದಾರಿಯೇ ಅದಕ್ಕೆ ಗೊತ್ತಿಲ್ಲ.

ಕರೆಂಟಿಗೂ ಇದಕ್ಕೂ ಏನು ಸಂಬಂಧ? ಅಣ್ಣನ ರೌಟರ್ ಒಂದು ನಿಮಿಷದೊಳಗೆ ಎದ್ದು ಕೂರುತ್ತದೆ. ಫೈಬರ್ ಮೋಡೆಮ್ ನಿಧಾನಿ, ಎರಡು ಮೂರು ನಿಮಿಷ ಬೇಕು. ಆ ಸಂದಿನಲ್ಲಿ ಮನೆಯ ಫೋನುಗಳೆಲ್ಲ ಹೊಸದಾಗಿ ವಿಳಾಸ ಕೇಳುತ್ತವೆ, ಎಚ್ಚರವಾಗಿರುವವನು ಹಂಚಿಬಿಡುತ್ತಾನೆ. ಅಪ್ಪನದು ಹಳೇ ಫೋನು, ವೈಫೈ ಹಿಡಿಯುವುದೇ ತಡ. ಅಷ್ಟರಲ್ಲಿ ಮೋಡೆಮ್ಮೂ ಎದ್ದಿರುತ್ತದೆ. ಅದಕ್ಕೇ ಅವರಿಗೆ ದರ ಕಾಣುತ್ತಿತ್ತು.

ಮೆತ್ತಿನ ರೌಟರಿನ ಕಥೆ ಬೇರೆ. ಅದರ ವೈರು ವ್ಯಾನ್ ಪೋರ್ಟಿಗೇ ಇತ್ತು. ಅದು ತನ್ನದೇ 192.168.0 ಎಂಬ ಪ್ರತ್ಯೇಕ ಸಂಸಾರ ಹೂಡಿತ್ತು. ನೆಟ್ ಬರುತ್ತಿತ್ತು, ತೊಂದರೆಯಿಲ್ಲ. ಆದರೆ ಮೆತ್ತಿನಲ್ಲಿ ಕೂತರೆ ಜಗಲಿಯ ಪ್ರಿಂಟರ್ ತಾನಾಗಿ ಸಿಗುವುದಿಲ್ಲ. ಮೆತ್ತಿನ ರೌಟರಿಗೆ ಜೋಡಿಸಿದ್ದ, ಅಡಿಕೆ ಒಣಗಿಸುವ ಅಟ್ಟದ ಕಡೆಯ ಕ್ಯಾಮೆರಾ ಕೆಳಗಿನವರ ಫೋನಿಗೆ ನೇರವಾಗಿ ಸಿಗುವುದಿಲ್ಲ.

ಮೂರನ್ನೂ ಒಂದೇ ಜಾಲಕ್ಕೆ ತರಬೇಕಿತ್ತು. ಊಟದ ಪಂಕ್ತಿಯಲ್ಲಿ ಎಲೆ ಹಾಕುವವನು ಒಬ್ಬನೇ ಇರಬೇಕು, ಇಬ್ಬರಾದರೆ ಒಬ್ಬರ ಮೇಲೊಬ್ಬರು ಕೂರಬೇಕಾಗುತ್ತದೆ. ಮೋಡೆಮ್ 192.168.1.1 ಆಗಿಯೇ ಇರಲಿ, ವಿಳಾಸ ಹಂಚುವುದು ಅದೊಂದೇ. ಅಣ್ಣನದಕ್ಕೆ 192.168.1.2, ಮೆತ್ತಿನದಕ್ಕೆ 192.168.1.3. ಎರಡರಲ್ಲೂ ಡಿಎಚ್‌ಸಿಪಿ ಬಂದ್. ಎರಡರಲ್ಲೂ ವೈರು ಮನೆಯೊಳಗಿನ ಜಾಲದ ಲ್ಯಾನ್ ಪೋರ್ಟಿಗೆ. ವ್ಯಾನ್ ಪೋರ್ಟಿಗೆ ಇನ್ಸುಲೇಷನ್ ಟೇಪು ಸುತ್ತಿದೆ. ಕೆಲವು ಹೊಸ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಅಂತ ಒಂದು ಗುಂಡಿ ಇರುತ್ತದೆ, ಅದು ಇದನ್ನೆಲ್ಲ ಒಟ್ಟಿಗೇ ಮಾಡಿಬಿಡುತ್ತದೆ. ನಮ್ಮವು ಹಳೆಯವು.

ಇದರಲ್ಲಿ ಕ್ರಮ ಮುಖ್ಯ. ರೌಟರನ್ನು ಮನೆಯ ವೈರಿನಿಂದ ಬಿಡಿಸಿ, ಲ್ಯಾಪ್‌ಟಾಪಿಗೆ ಮಾತ್ರ ಜೋಡಿಸಬೇಕು. ಮೊದಲು ವಿಳಾಸ ಬದಲಿಸಬೇಕು. ಅದು ಆರಿ ಹತ್ತಿದ ಮೇಲೆ ಹೊಸ ವಿಳಾಸದಲ್ಲಿ ಒಳಹೊಕ್ಕು ಡಿಎಚ್‌ಸಿಪಿ ನಿಲ್ಲಿಸಬೇಕು. ಉಲ್ಟಾ ಮಾಡಿದರೆ ಲ್ಯಾಪ್‌ಟಾಪಿಗೆ ವಿಳಾಸ ಕೊಡುವವರೇ ಇರುವುದಿಲ್ಲ, ಕೈಯಾರೆ ಬರೆದುಕೊಂಡು ಒಳಗೆ ಹೋಗಬೇಕಾಗುತ್ತದೆ.

ಹೈಸ್ಕೂಲಿಗೆ ಹೋಗುವ ಅಣ್ಣನ ಮಗಳು ಪಕ್ಕದಲ್ಲೇ ಕೂತಿದ್ದಳು. "ಚಿಕ್ಕಪ್ಪ, ನನ್ನ ಫ್ರೆಂಡ್ ಮನೆಯಲ್ಲೂ 192.168.1.1 ಇದ್ದು. ಹಂಗಾರೆ ಅದಕ್ಕೂ ಜಗಳ ಆಗ್ತಿಲ್ಯ?" ಒಳ್ಳೇ ಪ್ರಶ್ನೆ. ಆಗುವುದಿಲ್ಲ. ನಾಲ್ಕು ಭಾಗದ ಈ ಹಳೇ ಮಾದರಿಯಲ್ಲಿ ಇರುವುದೇ ಸುಮಾರು 430 ಕೋಟಿ ವಿಳಾಸ. ಸಾಲುವುದಿಲ್ಲ ಅಂತ ಮೊದಲೇ ಗೊತ್ತಾಗಿತ್ತು. ಮನೆ, ಕಚೇರಿಗಳ ಒಳಬಳಕೆಗೆ ಬಿಟ್ಟುಕೊಡುವ ಸಾಲುಗಳನ್ನು 1996ರ ನಿಯಮದಲ್ಲಿ ಗೊತ್ತುಮಾಡಿದರು. 192.168 ಅದರಲ್ಲೊಂದು. ಇಂಟರ್ನೆಟ್ಟಿನಲ್ಲಿ ಆ ವಿಳಾಸಕ್ಕೆ ದಾರಿಯೇ ಇಲ್ಲ. ನಮ್ಮ ಮೆಟ್ಟಿಲು ಇಳಿಯುವಾಗ ಮೋಡೆಮ್ ಅದನ್ನು ಬದಲಿಸಿಯೇ ಕಳಿಸುತ್ತದೆ.

ವಿಳಾಸಗಳನ್ನೂ ಭಾಗ ಮಾಡಿದೆ. ಕೊನೆಯ ಭಾಗ 100ರಿಂದ 200ರವರೆಗೆ ಇರುವುದನ್ನು ಮೋಡೆಮ್ ಹಂಚಲಿ. ನೂರರ ಕೆಳಗಿನದು ಅಲ್ಲಾಡದ ವಸ್ತುಗಳಿಗೆ. ಪ್ರಿಂಟರ್ 20, ಅಟ್ಟದ ಕ್ಯಾಮೆರಾ 31, ಗೇಟಿನದು 32. ಅಪ್ಪನ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಅಪ್ಪ ಕನ್ನಡಕ ಏರಿಸಿ ನೋಡಿ, ಇವರೆಲ್ಲ ಯಾರು, ಎಷ್ಟು ಬಾಕಿ ಅಂತ ಕೇಳಿದರು. ಫೋನುಗಳಿಗೆ ಇಂತಹ ಕಾಯಂ ನಂಬರು ಕೊಡಲು ಹೋಗಲಿಲ್ಲ. ಮೋಡೆಮ್ ಯಂತ್ರವನ್ನು ಗುರುತಿಸುವುದು ಮ್ಯಾಕ್ ವಿಳಾಸದಿಂದ, ಈಗಿನ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಮ್ಯಾಕ್ ವಿಳಾಸ ತೋರಿಸುತ್ತವೆ. ಅವುಗಳ ಬೆನ್ನು ಹತ್ತಿ ಪ್ರಯೋಜನವಿಲ್ಲ.

ವೈಫೈ ಹೆಸರು, ಪಾಸ್‌ವರ್ಡು ಮೂರಕ್ಕೂ ಒಂದೇ ಇಟ್ಟೆ. ಚಾನೆಲ್ಲು ಮಾತ್ರ 1, 6, 11 ಎಂದು ಬೇರೆ ಬೇರೆ, ಒಂದರ ಸಿಗ್ನಲ್ ಇನ್ನೊಂದಕ್ಕೆ ಅಡ್ಡ ಬರದಂತೆ. ಮೆತ್ತಿಗೆ ಹೋದರೂ ಜಗಲಿಯ ಸಿಗ್ನಲ್ಲಿಗೇ ಜೋತುಬೀಳುವ ಚಾಳಿ ಕೆಲವು ಫೋನಿಗಿದೆ. ವೈಫೈ ಒಮ್ಮೆ ಆರಿಸಿ ಹಚ್ಚಿದರೆ ಸರಿಯಾಗುತ್ತದೆ. ಆಯಿ ಈಗ ಹಾಗೇ ಮಾಡುತ್ತಾರೆ.

ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಅಂಗಳದ ಮೇಲೆ ಎಳೆದ ತಾಮ್ರದ ವೈರಿನ ಬಗ್ಗೆ. ನೂರು ಮೀಟರಿನವರೆಗೆ ಅದು ಓಡುತ್ತದೆ, ದೂರದ ತೊಂದರೆಯಿಲ್ಲ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಅದು ಹೇಳಿ ಮಾಡಿಸಿದ ದಾರಿ. ಎರಡು ಮನೆಯ ಪೆಟ್ಟಿಗೆಗಳೂ ಒಟ್ಟಿಗೇ ಸುಟ್ಟುಹೋಗಬಹುದು. ಅದನ್ನು ತೆಗೆಸಿ ಫೈಬರ್ ಹಾಕಿಸಿ, ಎರಡೂ ತುದಿಗೆ ಬೆಳಕನ್ನೂ ವೈರಿನ ಸಿಗ್ನಲ್ಲನ್ನೂ ಅದಲುಬದಲು ಮಾಡುವ ಮೀಡಿಯಾ ಕನ್ವರ್ಟರ್ ಕೂರಿಸಿದೆವು. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ. ಆದರೆ ಆ ಕೇಬಲ್ಲಿನ ಜೊತೆ ಜಗ್ಗಿ ಕಟ್ಟಲೆಂದು ಸ್ಟೀಲ್ ತಂತಿಯೂ ಇರುತ್ತದೆ. ಅದನ್ನು ಎರಡೂ ಕಡೆ ಮಾಡಿನ ಹೊರಗೇ ಕತ್ತರಿಸಬೇಕು, ಒಳಗೆ ತರಬಾರದು. ವೈರು ಎಳೆಯುವ ಹುಡುಗನಿಗೆ ಇದನ್ನು ನಿಂತು ಹೇಳಬೇಕಾಯಿತು. ಮಂಗಗಳಿಗೆ ಹೇಳುವವರಿಲ್ಲ. ಅವು ಜೋಕಾಲಿ ಆಡಿದರೆ ಯಾವ ಕೇಬಲ್ಲೂ ಉಳಿಯದು ಅಂತ ಅದನ್ನು ಪೈಪಿನೊಳಗೆ ತೂರಿಸಿ ನೆಲದಡಿ ಹಾಕಿಸಿದೆವು.

ಆಮೇಲೆ ಕರೆಂಟು ಎಷ್ಟೋ ಸಲ ಹೋಗಿ ಬಂದಿದೆ. ದೂರು ಬಂದಿಲ್ಲ. ಭಾವನಿಗೆ ಮಾತ್ರ ಆಸೆ ಹೆಚ್ಚಾಗಿದೆ. ತೋಟದ ಪಂಪ್ ಮನೆಗೂ ನೆಟ್ ಬೇಕಂತೆ, ಇಲ್ಲಿಂದಲೇ ಮೋಟರ್ ಹಾಕಲು. ಅಷ್ಟು ದೂರ ತಾಮ್ರ ಆಗುವುದಿಲ್ಲ, ಫೈಬರೇ ಬೇಕು. 192.168.1.4 ಖಾಲಿ ಇಟ್ಟಿದ್ದೇನೆ. ಕಾಲುವೆ ಯಾರು ತೋಡುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.